ಪ್ಲೇಟಿಗೆ ಹಾಕಿದ ಮರುದಿನವೇ ಕುಪ್ಫರ್ ಕೋಶಗಳ ಗುರುತು ಮಾಯ: ಲಿವರ್‌ನ ಪರಿಸರವನ್ನು ಹೊರಗೆ ಕಟ್ಟುವುದು ಹೇಗೆ?

ಜಾಲಹಳ್ಳಿ_ಪಿಎಚ್‌ಡಿ

ಎಲ್ಲರಿಗೂ ನಮಸ್ಕಾರ. ಬ್ಲ್ಯಾಕ್ 6 ತಳಿಯ ಮೌಸ್‌ನ ಲಿವರ್‌ನಿಂದ ಕುಪ್ಫರ್ ಕೋಶ (ಲಿವರ್‌ನಲ್ಲೇ ನೆಲೆಸಿದ ಮ್ಯಾಕ್ರೋಫೇಜ್, ಅಂದರೆ ಕಸ ನುಂಗುವ ರೋಗನಿರೋಧಕ ಕೋಶ) ತೆಗೆಯುವ ಕೆಲಸದ ಬಗ್ಗೆ ಪ್ರಶ್ನೆ. ವಿಧಾನ ಎಲ್ಲರೂ ಮಾಡುವಂಥದ್ದೇ: ಕೊಲಾಜಿನೇಸ್ ಪರ್ಫ್ಯೂಷನ್ (ಅಂಗಾಂಶ ಬಿಡಿಸುವ ಕಿಣ್ವವನ್ನು ಲಿವರ್ ಮೂಲಕ ಹರಿಸುವುದು), 50 ಜಿ ಸ್ಪಿನ್‌ನಲ್ಲಿ ಹೆಪಟೊಸೈಟ್ (ಲಿವರ್‌ನ ಮುಖ್ಯ ಕೋಶ) ಕೆಳಗಿಳಿಸುವುದು, ಮೇಲಿನ ದ್ರವದಲ್ಲಿ ಉಳಿದ ಕೋಶಗಳನ್ನು 2 ಗಂಟೆ ಪ್ಲಾಸ್ಟಿಕ್ಕಿಗೆ ಅಂಟಲು ಬಿಟ್ಟು ತೊಳೆಯುವುದು. ಮೀಡಿಯಂ ಆರ್‌ಪಿಎಂಐ, 10% ಎಫ್‌ಬಿಎಸ್ (ಕರುವಿನ ಸೀರಂ), ಮಿ.ಲೀ.ಗೆ 20 ನ್ಯಾನೋಗ್ರಾಂ ಎಂ-ಸಿಎಸ್‌ಎಫ್ (ಮ್ಯಾಕ್ರೋಫೇಜ್ ಬದುಕಿಸುವ ಪ್ರೋಟೀನು, ಸಿಎಸ್‌ಎಫ್1 ಎಂದೂ ಹೆಸರು).

2 ಗಂಟೆಯಲ್ಲಿ ನೋಡಿದರೆ ಎಫ್4/80 (ಮ್ಯಾಕ್ರೋಫೇಜ್ ಗುರುತು) ಚೆನ್ನಾಗಿದೆ. 24 ಗಂಟೆಯ ಕ್ಯೂಪಿಸಿಆರ್‌ನಲ್ಲಿ (ಜೀನ್ ಮಟ್ಟ ಅಳೆಯುವ ಪರೀಕ್ಷೆ) ಕುಪ್ಫರ್ ಗುರುತಿನ ಜೀನ್‌ಗಳಾದ ಕ್ಲೆಕ್4ಎಫ್, ಸಿಡಿ5ಎಲ್, ಐಡಿ3, ಎಲ್‌ಎಕ್ಸ್‌ಆರ್-ಆಲ್ಫಾ ನಾಲ್ಕೂ ಪಾತಾಳ. ಉರಿಯೂತದ ಐಎಲ್-1 ಬೀಟಾ, ಟಿಎನ್‌ಎಫ್ ಮೇಲೆ. ಕೋಶಗಳು ನೋಡಲು ಆರೋಗ್ಯವಾಗಿವೆ, ಕಾಲು ಚಾಚಿ ಹರಡಿಕೊಂಡಿವೆ. ಹಾಗಾದರೆ ನಿಜವಾದ ಕುಪ್ಫರ್ ಕೋಶ ಸತ್ತು ಮೊನೊಸೈಟ್ (ರಕ್ತದಲ್ಲಿ ಓಡಾಡುವ, ಮ್ಯಾಕ್ರೋಫೇಜ್ ಆಗಬಲ್ಲ ಕೋಶ) ಮೂಲದವು ಮಾತ್ರ ಉಳಿದವೋ, ಇಲ್ಲಾ ಅದೇ ಕೋಶಗಳು ತಮ್ಮ ಗುರುತು ಬಿಟ್ಟುಕೊಟ್ಟವೋ? ಎರಡನೆಯದಾದರೆ, ಲಿವರ್‌ನಲ್ಲಿ ಆ ಗುರುತನ್ನು ಹಿಡಿದಿಡುವ ಸಂಕೇತಗಳು ಯಾವುವು, ಅವನ್ನು 24-ವೆಲ್ ಪ್ಲೇಟಿನಲ್ಲಿ ಕೊಡಲು ಆಗುತ್ತದೆಯೇ? ರೀಕಾಂಬಿನೆಂಟ್ ಪ್ರೋಟೀನುಗಳು ದುಬಾರಿ, ಹೊರದೇಶದಿಂದ ಬರಲು ವಾರಗಟ್ಟಲೆ ಬೇಕು. ಆರ್ಡರ್ ಹಾಕುವ ಮೊದಲೇ ಯಾವುದು ಬೇಕು, ಯಾವುದು ಬೇಡ ಎಂದು ತಿಳಿದರೆ ಉಪಕಾರ.

ಸೈನುಸಾಯ್ಡ್‌ವಾಸಿ

ಎರಡೂ ಆಗುತ್ತದೆ, ಆದರೆ ಎರಡನೆಯದೇ ದೊಡ್ಡದು. ಸಾವಿನ ಪಾಲು ಎಷ್ಟು ಎಂದು ತಿಳಿಯುವುದು ಸುಲಭ: 2 ಗಂಟೆ ಮತ್ತು 24 ಗಂಟೆಯಲ್ಲಿ ಪ್ರತಿ ವೆಲ್‌ನ ಜೀವಂತ ಕೋಶಗಳನ್ನು ಎಣಿಸಿ. ಸಂಖ್ಯೆ ಅರ್ಧಕ್ಕಿಳಿದಿದ್ದರೂ, ಜೀನ್ ಮಟ್ಟ ಅದಕ್ಕಿಂತ ಎಷ್ಟೋ ಪಟ್ಟು ಬಿದ್ದಿದ್ದರೆ ಉಳಿದ ಕೋಶಗಳೇ ಬದಲಾಗಿವೆ ಎಂದರ್ಥ. ಬಹಳ ಮುಖ್ಯವಾದ ಇನ್ನೊಂದು ಮಾತು: ನಿಮ್ಮ ಹೋಲಿಕೆಗೆ 0 ಗಂಟೆಯ ಮಾದರಿ ಬೇಕು, ಅಂದರೆ ಸಾರ್ಟ್ ಮಾಡಿ (ಬಣ್ಣದ ಗುರುತು ನೋಡಿ ಯಂತ್ರದಲ್ಲಿ ಬೇರ್ಪಡಿಸಿ) ನೇರ ಲೈಸಿಸ್ ಬಫರ್‌ಗೆ ಬಿದ್ದ ಕೋಶ. 2 ಗಂಟೆ ಪ್ಲಾಸ್ಟಿಕ್ ಮೇಲೆ ಕೂತದ್ದು ಆಗಲೇ ಬದಲಾಗತೊಡಗಿರುತ್ತದೆ.

ಗುರುತು ಎಂಬುದು ಒಮ್ಮೆ ಅಚ್ಚೊತ್ತಿ ಮುಗಿಯುವಂಥದ್ದಲ್ಲ, ಪ್ರತಿ ಗಂಟೆಯೂ ನೆರೆಯ ಕೋಶಗಳು ಕೊಡುತ್ತಲೇ ಇರಬೇಕು. ಮೌಸ್‌ನಲ್ಲಿ ಕುಪ್ಫರ್ ಕೋಶಗಳು ಹುಟ್ಟುವುದು ಯೋಕ್ ಸ್ಯಾಕ್‌ನ ಪೂರ್ವಜ ಕೋಶಗಳಿಂದ, ಭ್ರೂಣದ ಲಿವರ್ ಮಾರ್ಗವಾಗಿ. ಆರೋಗ್ಯದಲ್ಲಿ ಅವು ತಾವೇ ಹೆಚ್ಚಿ ತಮ್ಮ ಸಂಖ್ಯೆ ಕಾಯ್ದುಕೊಳ್ಳುತ್ತವೆ, ರಕ್ತದ ಮೊನೊಸೈಟ್‌ಗಳ ಪಾಲು ಅತ್ಯಲ್ಪ. ಇದನ್ನು ಓದಿದವರಿಗೆ ಹುಟ್ಟೇ ಗುರುತು ಅನ್ನಿಸುವುದು ಸಹಜ. ಆದರೆ ಕ್ಲೆಕ್4ಎಫ್ ಇರುವ ಕೋಶಗಳನ್ನಷ್ಟೇ ಡಿಫ್ತೀರಿಯಾ ಟಾಕ್ಸಿನ್‌ನಿಂದ ತೆಗೆದುಹಾಕುವ ಮೌಸ್‌ಗಳಲ್ಲಿ (2016ರ ಕೆಲಸ) ಖಾಲಿಯಾದ ಜಾಗಕ್ಕೆ ಮೂಳೆಮಜ್ಜೆಯ ಮೊನೊಸೈಟ್‌ಗಳು ಬಂದು ಕೂತವು. ದಿನಗಳಲ್ಲಿ ಕ್ಲೆಕ್4ಎಫ್ ಬಂತು, ಟಿಮ್4 (ಇನ್ನೊಂದು ಕುಪ್ಫರ್ ಗುರುತು) ನಿಧಾನವಾಗಿ ವಾರಗಳ ಮೇಲೆ ಬಂತು. ಕೊನೆಗೆ ಹಳೆಯವಕ್ಕೂ ಹೊಸಬರಿಗೂ ಜೀನ್ ಮಟ್ಟದಲ್ಲಿ ಉಳಿದ ವ್ಯತ್ಯಾಸ ಸಣ್ಣದು. ಪಾಠವೇನೆಂದರೆ ಜಾಗ ಖಾಲಿಯಿರಬೇಕು, ಜಾಗದ ಸಂಕೇತ ಸಿಗಬೇಕು. ಎರಡೂ ಇದ್ದರೆ ಮೊನೊಸೈಟ್ ಕೂಡ ಕುಪ್ಫರ್ ಕೋಶವಾಗುತ್ತದೆ.

ಆ ಸಂಕೇತಗಳನ್ನು ಬಿಡಿಸಿ ತೋರಿಸಿದ್ದು 2019ರಲ್ಲಿ ಇಮ್ಯುನಿಟಿ ಪತ್ರಿಕೆಯಲ್ಲಿ ಬಂದ ಎರಡು ಕೆಲಸಗಳು, ಒಂದು ಸ್ಯಾನ್ ಡಿಯಾಗೊದ್ದು, ಇನ್ನೊಂದು ಬೆಲ್ಜಿಯಂನ ಗೆಂಟ್‌ನದು. ಅವುಗಳ ಜೊತೆ ನಂತರದ ಕೆಲಸಗಳನ್ನೂ ಸೇರಿಸಿ ನೋಡಿದರೆ ಚಿತ್ರ ಹೀಗಿದೆ. ಸೈನುಸಾಯ್ಡ್‌ನ (ಲಿವರ್‌ನ ಸಣ್ಣ ರಕ್ತನಾಳ) ಒಳಗೋಡೆಯ ಎಂಡೋಥೀಲಿಯಲ್ ಕೋಶ ತನ್ನ ಮೈಮೇಲೆ ಡಿಎಲ್‌ಎಲ್4 ಎಂಬ ಪ್ರೋಟೀನು ಇಟ್ಟುಕೊಂಡು ಪಕ್ಕದ ಮೊನೊಸೈಟ್‌ನಲ್ಲಿ ನಾಚ್ ಎಂಬ ಗ್ರಾಹಕದ ಸಂಕೇತ ಎಬ್ಬಿಸುತ್ತದೆ. ಗೋಡೆಯಾಚೆ ಡಿಸ್ಸೆ ಅವಕಾಶದಲ್ಲಿ (ಗೋಡೆಗೂ ಹೆಪಟೊಸೈಟ್‌ಗೂ ನಡುವಿನ ತೆರಪು) ಇರುವ ಸ್ಟೆಲೇಟ್ ಕೋಶ ಸಿಎಸ್‌ಎಫ್1 ಕೊಡುತ್ತದೆ, ಬಿಎಂಪಿ9 ಮತ್ತು ಬಿಎಂಪಿ10 ಕೊಡುತ್ತದೆ. ಕುಪ್ಫರ್ ಕೋಶದ ಮೈ ರಕ್ತದ ಕಡೆಗಿದ್ದರೂ ಅದರ ಚಾಚುಗಳು ಗೋಡೆ ದಾಟಿ ಸ್ಟೆಲೇಟ್ ಕೋಶವನ್ನೂ ಹೆಪಟೊಸೈಟನ್ನೂ ಮುಟ್ಟುತ್ತವೆ, ಹಾಗಾಗಿ ಈ ಸರಬರಾಜು ಸಾಧ್ಯ. ಬಿಎಂಪಿಗಳೂ ಸೇರಿದ ಟಿಜಿಎಫ್-ಬೀಟಾ ಬಳಗದ ಸಂಕೇತಗಳೆಲ್ಲ ಸ್ಮ್ಯಾಡ್4 ಎಂಬ ಪ್ರೋಟೀನಿನ ಮೂಲಕ ಒಳಗಿಳಿಯುತ್ತವೆ. ಡೆಸ್ಮೊಸ್ಟೆರಾಲ್‌ನಂಥ ಸ್ಟೆರಾಲ್‌ಗಳು ಎಲ್‌ಎಕ್ಸ್‌ಆರ್-ಆಲ್ಫಾವನ್ನು (ಸ್ಟೆರಾಲ್ ಸಿಕ್ಕಾಗ ಜೀನ್ ಎಬ್ಬಿಸುವ ಗ್ರಾಹಕ) ಚಾಲೂ ಇಡುತ್ತವೆ.

ಒಳಗೆ ನಡೆಯುವುದನ್ನು ಹಂತವಾಗಿ ನೋಡಬೇಕು. ಪಿಯು.1 ಎಂಬ ಜೀನ್ ನಿಯಂತ್ರಕ ಎಲ್ಲ ಮ್ಯಾಕ್ರೋಫೇಜ್‌ಗಳಲ್ಲೂ ಕ್ರೊಮಾಟಿನ್ ತೆರೆದಿಡುತ್ತದೆ. ನಾಚ್ ಮತ್ತು ಸ್ಮ್ಯಾಡ್ ಬಂದು ಲಿವರ್‌ಗೆ ಬೇಕಾದ ಎನ್‌ಹಾನ್ಸರ್‌ಗಳನ್ನು (ಜೀನ್ ಚುರುಕಾಗಿಸುವ ಡಿಎನ್‌ಎ ತಾಣಗಳನ್ನು) ಎಬ್ಬಿಸುತ್ತವೆ, ಅವುಗಳಲ್ಲಿ ಎಲ್‌ಎಕ್ಸ್‌ಆರ್-ಆಲ್ಫಾ ಜೀನಿನದೂ ಒಂದು. ಹಾಗೆ ತಯಾರಾದ ಎಲ್‌ಎಕ್ಸ್‌ಆರ್-ಆಲ್ಫಾಕ್ಕೆ ಸ್ಟೆರಾಲ್ ಸಿಕ್ಕಾಗ ಕ್ಲೆಕ್4ಎಫ್, ಸಿಡಿ5ಎಲ್ ಮುಂತಾದವು ಹತ್ತಿಕೊಳ್ಳುತ್ತವೆ. ಐಡಿ3 ಮುಖ್ಯವಾಗಿ ಬಿಎಂಪಿ ಕಡೆಯ ಜೀನ್. ನಿಮ್ಮ ಪ್ಲೇಟಿನಲ್ಲಿ ನಾಲ್ಕೂ ಒಟ್ಟಿಗೆ ಬಿದ್ದಿರುವುದಕ್ಕೆ ಕಾರಣ ಇಲ್ಲೇ ಇದೆ: ನೀವು ಕೊಟ್ಟಿರುವುದು ಸಿಎಸ್‌ಎಫ್1 ಒಂದೇ. ಅದು ಬದುಕಿಸುತ್ತದೆ, ಅಷ್ಟೇ.

ಇನ್ನು ಕಟ್ಟುವ ವಿಚಾರ.

ಡಿಎಲ್‌ಎಲ್4 ಅನ್ನು ಮೀಡಿಯಂಗೆ ಸುರಿದರೆ ಕೆಲಸವಾಗದು. ನಾಚ್ ಗ್ರಾಹಕ ತೆರೆದುಕೊಳ್ಳಲು ಎಳೆತ ಬೇಕು, ಲಿಗ್ಯಾಂಡ್ ಯಾವುದಕ್ಕಾದರೂ ಗಟ್ಟಿಯಾಗಿ ಅಂಟಿರಬೇಕು. ಕರಗಿದ ಡಿಎಲ್‌ಎಲ್4 ಗ್ರಾಹಕದ ಮೇಲೆ ಸುಮ್ಮನೆ ಕೂತು ಸಂಕೇತವನ್ನೇ ತಡೆಯಬಹುದು. ಡಿಎಲ್‌ಎಲ್4-ಎಫ್‌ಸಿಯನ್ನು (ಆಂಟಿಬಾಡಿಯ ಬಾಲವಾದ ಎಫ್‌ಸಿ ಜೋಡಿಸಿದ ಡಿಎಲ್‌ಎಲ್4) ಪಿಬಿಎಸ್‌ನಲ್ಲಿ ಮಿ.ಲೀ.ಗೆ 5 ಮೈಕ್ರೋಗ್ರಾಂನಂತೆ ಹಾಕಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಒಮ್ಮೆ ತೊಳೆದು, ವೆಲ್ ಒಣಗುವ ಮೊದಲೇ ಕೋಶ ಹಾಕಿ. ಕಂಟ್ರೋಲ್ ವೆಲ್‌ಗೆ ಬರೀ ಪಿಬಿಎಸ್ ಸಾಲದು. ಮ್ಯಾಕ್ರೋಫೇಜ್‌ಗಳಲ್ಲಿ ಎಫ್‌ಸಿ ಗ್ರಾಹಕಗಳು ತುಂಬಿರುತ್ತವೆ, ಅಂಟಿದ ಎಫ್‌ಸಿಯೇ ಅವನ್ನು ಕೆರಳಿಸುತ್ತದೆ, ಆದ್ದರಿಂದ ಅದೇ ಪ್ರಮಾಣದ ಐಜಿಜಿ-ಎಫ್‌ಸಿ ಹಚ್ಚಿದ ವೆಲ್ ಬೇಕೇ ಬೇಕು. ಇನ್ನೊಂದರಲ್ಲಿ 10 ಮೈಕ್ರೋಮೋಲಾರ್ ಡಿಎಪಿಟಿ ಹಾಕಿ ನಾಚ್ ಮುಚ್ಚಿ. ಹಣ ಉಳಿಸಬೇಕೆಂದರೆ ಡಿಎಲ್‌ಎಲ್4 ತೋರಿಸುವ ಓಪಿ9 ಕೋಶಗಳನ್ನು (ಮೌಸ್‌ನ ಪೋಷಕ ಕೋಶಸಾಲು) ನೆರೆಹೊರೆಯ ಲ್ಯಾಬ್‌ನಿಂದ ಪಡೆದು ಹಾಸಿನಂತೆ ಬೆಳೆಸಬಹುದು. ಟಿ ಕೋಶ ಬೆಳೆಸುವ ಗುಂಪುಗಳ ಬಳಿ ಇರುತ್ತವೆ, ಬೆಂಗಳೂರಿನಲ್ಲಿ ಕೇಳಿದರೆ ಸಿಗದ ವಸ್ತುವಲ್ಲ. ಆಗ ಆರ್‌ಎನ್‌ಎ ತೆಗೆಯುವ ಮೊದಲು ಸಿಡಿ45 (ರಕ್ತಮೂಲದ ಕೋಶಗಳ ಗುರುತು) ನೋಡಿ ಸಾರ್ಟ್ ಮಾಡಲೇಬೇಕು.

ಟಿಜಿಎಫ್-ಬೀಟಾ1 ಮಿ.ಲೀ.ಗೆ 2 ನ್ಯಾನೋಗ್ರಾಂ, ಬಿಎಂಪಿ9 ಮಿ.ಲೀ.ಗೆ 1ರಿಂದ 5 ನ್ಯಾನೋಗ್ರಾಂ ಸಾಕು. ಬಿಎಂಪಿ9ಕ್ಕೂ ಎಎಲ್‌ಕೆ1 ಗ್ರಾಹಕಕ್ಕೂ ನಂಟು ಬಹಳ ಬಿಗಿ, ಹೆಚ್ಚು ಸುರಿದರೆ ಹೆಚ್ಚು ಫಲವಿಲ್ಲ. ಎರಡನ್ನೂ 4 ಮಿಲಿಮೋಲಾರ್ ಎಚ್‌ಸಿಎಲ್‌ನಲ್ಲಿ, 0.1% ಬಿಎಸ್‌ಎ ಸೇರಿಸಿ ಕರಗಿಸಿ. ಬಿಎಸ್‌ಎ ಇಲ್ಲದಿದ್ದರೆ ಅರ್ಧ ಪ್ರೋಟೀನು ಟ್ಯೂಬಿನ ಗೋಡೆಗೇ ಅಂಟಿಹೋಗುತ್ತದೆ. ಸೀರಂ ಬಗ್ಗೆ ಎಚ್ಚರ: ಎಫ್‌ಬಿಎಸ್‌ನಲ್ಲಿ ಬಿಎಂಪಿ9 ಇದೆ, ಟಿಜಿಎಫ್-ಬೀಟಾ ಇದೆ, ಸ್ಟೆರಾಲ್ ಹೊತ್ತ ಲೈಪೊಪ್ರೋಟೀನ್ ಇದೆ. ನಿಮ್ಮ "ಏನೂ ಕೊಡದ" ವೆಲ್‌ನಲ್ಲೂ ಇವೆಲ್ಲ ಇರುತ್ತವೆ. ಸೀರಂ 2%ಕ್ಕೆ ಇಳಿಸಿ ಅಥವಾ ಲೈಪೊಪ್ರೋಟೀನ್ ತೆಗೆದ ಸೀರಂ ಬಳಸಿ, ಇಡೀ ಪ್ರಯೋಗಕ್ಕೆ ಒಂದೇ ಲಾಟ್ ಇರಲಿ.

ಎಲ್‌ಎಕ್ಸ್‌ಆರ್‌ಗೆ ಚುರುಕುಕಾರಿ ಜಿಡಬ್ಲ್ಯು3965, 1 ಮೈಕ್ರೋಮೋಲಾರ್. ಟಿ0901317 ಅಗ್ಗಕ್ಕೆ ಸಿಗುತ್ತದೆಂದು ಹಾಕಬೇಡಿ, ಅದು ಪಿಎಕ್ಸ್‌ಆರ್ ಎಂಬ ಬೇರೆ ಗ್ರಾಹಕವನ್ನೂ ಎಬ್ಬಿಸುತ್ತದೆ. ಎಬಿಸಿಎ1 ಏರಿತೆಂದು ಗುರುತು ಬಂತೆಂದು ಬರೆಯಬೇಡಿ. ಯಾವ ಮ್ಯಾಕ್ರೋಫೇಜ್‌ಗೆ ಎಲ್‌ಎಕ್ಸ್‌ಆರ್ ಚುರುಕುಕಾರಿ ಕೊಟ್ಟರೂ ಎಬಿಸಿಎ1 ಏರುತ್ತದೆ.

ಓದುವ ಸಮಯವೂ ಬೇರೆ ಬೇರೆ. ನಾಚ್ ಮುಟ್ಟಿತೇ ಎಂದು 6 ಗಂಟೆಗೆ ಹೆಸ್1 ನೋಡಿ. ಬಿಎಂಪಿಗೆ 2ರಿಂದ 6 ಗಂಟೆಯಲ್ಲಿ ಐಡಿ1, ಐಡಿ3, ಸ್ಮ್ಯಾಡ್6. ಇವು ಏರದಿದ್ದರೆ ಮುಂದಕ್ಕೆ ಹೋಗುವುದು ದಂಡ. ಏರಿದ್ದರೆ 48 ಮತ್ತು 72 ಗಂಟೆಯಲ್ಲಿ ಎಲ್‌ಎಕ್ಸ್‌ಆರ್-ಆಲ್ಫಾ, ಸಿಡಿ5ಎಲ್, ಕ್ಲೆಕ್4ಎಫ್. ಶುರುವಿಗೆ ಮೂಳೆಮಜ್ಜೆಯ ಲೈ6ಸಿ ಹೆಚ್ಚಿರುವ ಮೊನೊಸೈಟ್ ತೆಗೆದುಕೊಳ್ಳಿ. ಏಳು ದಿನ ಎಂ-ಸಿಎಸ್‌ಎಫ್‌ನಲ್ಲಿ ಬೆಳೆದು ಪ್ಲಾಸ್ಟಿಕ್ಕಿಗೆ ಒಗ್ಗಿಹೋದ ಮ್ಯಾಕ್ರೋಫೇಜ್ ಈ ಕೆಲಸಕ್ಕೆ ಒಳ್ಳೆಯ ಆರಂಭವಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲ ಸರಿಯಾದರೂ ಬರುವುದು ಭಾಗಶಃ ಗುರುತೇ. ಟಿಮ್4 ಅನ್ನು 72 ಗಂಟೆಯಲ್ಲಿ ನಿರೀಕ್ಷಿಸಬೇಡಿ, ಲಿವರ್ ಒಳಗೇ ಅದಕ್ಕೆ ವಾರಗಳು ಬೇಕು.

ಫ್ಲೋ_ಮೇಜು

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ಬೇರ್ಪಡಿಸುವ ಹಂತದಲ್ಲೇ ಅರ್ಧ ಹಾಳಾಗುತ್ತದೆ, ಅದನ್ನು ಬಿಟ್ಟು ಮುಂದೆ ಹೋಗಬಾರದು. ನಿಮ್ಮ ಐಎಲ್-1 ಬೀಟಾ ಮತ್ತು ಟಿಎನ್‌ಎಫ್ ಏರಿಕೆ ನೋಡಿದರೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಗೋಡೆಯ ವಿಷ) ಅನುಮಾನ ಮೊದಲು ಬರುತ್ತದೆ. ಸಾಮಾನ್ಯ ದರ್ಜೆಯ ಕೊಲಾಜಿನೇಸ್‌ನಲ್ಲಿ ಅದು ಇದ್ದೇ ಇರುತ್ತದೆ. ಕುಪ್ಫರ್ ಕೋಶವೋ, ರಕ್ತದಲ್ಲಿ ಬಂದ ಎಂಡೋಟಾಕ್ಸಿನ್ ಹೀರುವುದೇ ಅದರ ಕಸುಬು. ಕೊಲಾಜಿನೇಸ್, ಬಫರ್, ಟ್ಯೂಬಿಂಗ್ ತೊಳೆದ ನೀರು, ಮೂರನ್ನೂ ಎಲ್‌ಎಎಲ್ (ಎಂಡೋಟಾಕ್ಸಿನ್ ಅಳೆಯುವ) ಪರೀಕ್ಷೆಗೆ ಹಾಕಿ. ಎಂಡೋಟಾಕ್ಸಿನ್ ಕಡಿಮೆಯಿರುವ ಶುದ್ಧೀಕರಿಸಿದ ಕೊಲಾಜಿನೇಸ್ ಮಿಶ್ರಣಕ್ಕೆ ಹಣ ಜಾಸ್ತಿ, ಆದರೆ ಈ ಪ್ರಶ್ನೆಗೆ ಅದು ಬೇಕು.

ಪರ್ಫ್ಯೂಷನ್‌ಗೆ 24 ಗೇಜ್ ಐವಿ ಕ್ಯಾನುಲಾ ಸಾಕು, ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ. ಮೊದಲು ಕ್ಯಾಲ್ಸಿಯಂ ಇಲ್ಲದ ಎಚ್‌ಬಿಎಸ್‌ಎಸ್‌ನಲ್ಲಿ 0.5 ಮಿಲಿಮೋಲಾರ್ ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ), ನಿಮಿಷಕ್ಕೆ 5 ಮಿ.ಲೀ., ಲಿವರ್ ಪೂರ್ತಿ ಬಿಳಿಚುವವರೆಗೆ. ಕೊಲಾಜಿನೇಸ್ ಕೆಲಸ ಮಾಡಲು ಕ್ಯಾಲ್ಸಿಯಂ ಬೇಕು, ಇಜಿಟಿಎ ಉಳಿದಿದ್ದರೆ ಕಿಣ್ವ ಮಂಕಾಗುತ್ತದೆ. ಆದ್ದರಿಂದ ನಡುವೆ ಇಜಿಟಿಎ ಇಲ್ಲದ ಬಫರ್ ಒಂದೆರಡು ನಿಮಿಷ ಹರಿಸಿ. ಉಷ್ಣಾಂಶ ಅಳೆಯಬೇಕಾದದ್ದು ವಾಟರ್ ಬಾತ್‌ನಲ್ಲಲ್ಲ, ಕ್ಯಾನುಲಾ ತುದಿಯಲ್ಲಿ. ಡಿಸೆಂಬರ್-ಜನವರಿಯಲ್ಲಿ ನಮ್ಮೂರ ಲ್ಯಾಬ್‌ಗಳಲ್ಲಿ ಬಾತ್ 37 ತೋರಿಸುತ್ತಿದ್ದರೂ ಒಂದು ಮೀಟರ್ ಟ್ಯೂಬ್ ದಾಟುವಷ್ಟರಲ್ಲಿ ದ್ರವ ತಣ್ಣಗಾಗಿರುತ್ತದೆ, ಜೀರ್ಣ ನಿಧಾನವಾಗುತ್ತದೆ, ಸಮಯ ಹೆಚ್ಚಿಸುತ್ತೀರಿ, ಕೋಶಗಳು ಸಾಯುತ್ತವೆ. ಬಾತ್ ಅನ್ನು 40-42ಕ್ಕೆ ಇಟ್ಟು ತುದಿಯಲ್ಲಿ 37 ಬರುವಂತೆ ಹೊಂದಿಸಿ. ಒಂದು ಹಾಲೆ ಮಾತ್ರ ಕೆಂಪಾಗೇ ಉಳಿದರೆ ಗಾಳಿಗುಳ್ಳೆ ಸಿಕ್ಕಿದೆ ಎಂದು ತಿಳಿಯಿರಿ. ಆ ಹಾಲೆ ಕತ್ತರಿಸಿ ಬಿಡಿ, ಸೇರಿಸಬೇಡಿ. ಹತ್ತಿಕಡ್ಡಿಯಿಂದ ಒತ್ತಿದ ಗುಳಿ ಹಾಗೇ ಉಳಿದರೆ ಜೀರ್ಣ ಸಾಕು. ಮೀರಿದರೆ ಹೆಪಟೊಸೈಟ್ ಒಡೆದು ಡಿಎನ್‌ಎ ಅಂಟಂಟಾಗಿ ಎಲ್ಲವನ್ನೂ ಗಂಟು ಕಟ್ಟುತ್ತದೆ, ಡಿಎನ್‌ಏಸ್-1 ಮಿ.ಲೀ.ಗೆ 50 ಮೈಕ್ರೋಗ್ರಾಂ ಜೊತೆಗಿರಲಿ.

50 ಜಿ, 3 ನಿಮಿಷ, ಎರಡು ಸಲ. ಕೆಳಗಿಳಿದ ಹೆಪಟೊಸೈಟ್ ಗುಡ್ಡೆಯನ್ನು ಎಸೆಯುವ ಮೊದಲು ಒಮ್ಮೆ ತೊಳೆದು ಆ ದ್ರವವನ್ನೂ ಸೇರಿಸಿಕೊಳ್ಳಿ, ಕುಪ್ಫರ್ ಕೋಶಗಳ ದೊಡ್ಡ ಪಾಲು ಅಲ್ಲಿ ಸಿಕ್ಕಿಕೊಂಡಿರುತ್ತದೆ. ಆಮೇಲೆ 400 ಜಿ, 7 ನಿಮಿಷ, 4 ಡಿಗ್ರಿ.

37 ಡಿಗ್ರಿಯ ಜೀರ್ಣವೇ ಫಾಸ್, ಜುನ್, ಹೀಟ್ ಶಾಕ್ ಜೀನ್‌ಗಳನ್ನು ಎಬ್ಬಿಸುತ್ತದೆ. ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡುವುದಾದರೆ ಪರ್ಫ್ಯೂಷನ್ ಬಫರ್‌ನಿಂದಲೇ ಆಕ್ಟಿನೊಮೈಸಿನ್-ಡಿ ಸೇರಿಸಿ ಹೊಸ ಪ್ರತಿಗಳನ್ನು ತಡೆಯಿರಿ. ಅಂಥ ಕೋಶಗಳನ್ನು ಕಲ್ಚರ್‌ಗೆ ಹಾಕುವಂತಿಲ್ಲ, ಇದು 0 ಗಂಟೆಯ ಮಾದರಿಗೆ ಮಾತ್ರ.

ಗೇಟಿಂಗ್ (ಫ್ಲೋ ಸೈಟೊಮೆಟ್ರಿಯಲ್ಲಿ ಕೋಶಗಳನ್ನು ಆರಿಸುವ ಕ್ರಮ): ಒಂಟಿ ಕೋಶ, ಜೀವಂತ, ಸಿಡಿ45, ಲೈ6ಜಿ ಇಲ್ಲದ್ದು, ಎಫ್4/80 ಹೆಚ್ಚು ಸಿಡಿ11ಬಿ ಮಧ್ಯಮ, ಕೊನೆಗೆ ಕ್ಲೆಕ್4ಎಫ್ ಎದುರು ಟಿಮ್4. ಕುಪ್ಫರ್ ಕೋಶಕ್ಕೆ ಸ್ವಂತ ಹೊಳಪು ಜಾಸ್ತಿ, ಪ್ರತಿ ಬಣ್ಣಕ್ಕೂ ಎಫ್‌ಎಂಒ ಕಂಟ್ರೋಲ್ (ಆ ಒಂದು ಬಣ್ಣ ಮಾತ್ರ ಬಿಟ್ಟ ಮಾದರಿ) ಇಲ್ಲದೆ ಗೆರೆ ಎಳೆಯಬೇಡಿ. ಎಂಡೋಥೀಲಿಯಲ್ ಗುರುತುಗಳಾದ ಸಿಡಿ31 ಅಥವಾ ಸಿಡಿ146 ಒಂದನ್ನು ಪ್ಯಾನೆಲ್‌ಗೆ ಸೇರಿಸಲೇಬೇಕು. ಚಾಚುಗಳಿಂದ ನೆರೆಯವರನ್ನು ತಬ್ಬಿಕೊಂಡ ಕೋಶವನ್ನು ಕಿತ್ತರೆ ತುಣುಕುಗಳು ಒಂದರ ಮೇಲೊಂದು ಅಂಟಿ ಬರುತ್ತವೆ. ಎಂಡೋಥೀಲಿಯಲ್ ಜೀನ್ ತೋರಿಸುವ ಕುಪ್ಫರ್ ಉಪಗುಂಪು ಇದೆಯೋ, ಅದು ಅಂಟಿದ ತುಣುಕಿನ ಫಲವೋ ಎಂಬ ವಾದ 2021ರಿಂದ ನಡೆದೇ ಇದೆ. ಸಿಡಿ206 ಹೆಚ್ಚಿರುವ ಗುಂಪೊಂದು ಕಂಡರೆ ಸಂಭ್ರಮಿಸುವ ಮೊದಲು ಅಂಗಾಂಶದ ತೆಳು ಪದರದಲ್ಲಿ ಕಾನ್ಫೋಕಲ್ ಇಟ್ಟು ಒಂದೇ ಕೋಶದ ಪೊರೆಯ ಮೇಲೆ ಎರಡೂ ಬಣ್ಣ ಕೂತಿವೆಯೇ ನೋಡಿ.

ಜಾಲಹಳ್ಳಿ_ಪಿಎಚ್‌ಡಿ

ತುಂಬಾ ಧನ್ಯವಾದ ಇಬ್ಬರಿಗೂ. ಎರಡು ಅನುಮಾನ ಉಳಿದಿವೆ. ಸೈನುಸಾಯ್ಡ್‌ವಾಸಿ ಸರ್, ಪ್ರೋಟೀನುಗಳ ಬದಲು ಎಂಡೋಥೀಲಿಯಲ್ ಮತ್ತು ಸ್ಟೆಲೇಟ್ ಕೋಶಗಳನ್ನೇ ಅದೇ ಲಿವರ್‌ನಿಂದ ತೆಗೆದು ಒಟ್ಟಿಗೆ ಬೆಳೆಸಿದರೆ ಆಗದೇ? ಇನ್ನೊಂದು, ಕೊಬ್ಬಿನ ಆಹಾರ ಕೊಟ್ಟ ಮೌಸ್‌ಗಳಲ್ಲಿ ಟಿಮ್4 ಇಲ್ಲದ ಕೋಶಗಳು ಹೆಚ್ಚಾಗಿವೆ. ಅವನ್ನು ಕುಪ್ಫರ್ ಕೋಶ ಎಂದು ಕರೆಯಬಹುದೇ?

ಸೈನುಸಾಯ್ಡ್‌ವಾಸಿ

ಒಟ್ಟಿಗೆ ಬೆಳೆಸಬಹುದು, ಆದರೆ ನೆರೆಯವರೂ ತಮ್ಮ ಗುರುತನ್ನು ಲಿವರ್‌ನಿಂದಲೇ ಪಡೆಯುವವರು. ಎಂಡೋಥೀಲಿಯಲ್ ಕೋಶ ಪ್ಲಾಸ್ಟಿಕ್ ಮೇಲೆ ಎರಡು ಮೂರು ದಿನದಲ್ಲಿ ತನ್ನ ಜಾಲರಿ ರಂಧ್ರಗಳನ್ನು ಕಳೆದುಕೊಳ್ಳುತ್ತದೆ. ಸ್ಟೆಲೇಟ್ ಕೋಶ ಗಟ್ಟಿ ನೆಲ ಸಿಕ್ಕ ಕೂಡಲೇ ವಿಟಮಿನ್-ಎ ಹನಿಗಳನ್ನು ಬಿಟ್ಟು ಆಲ್ಫಾ-ಎಸ್‌ಎಂಎ ತೋರಿಸುವ ಗಾಯ ಕಟ್ಟುವ ಕೋಶವಾಗುತ್ತದೆ, ಆಗ ಅದು ಕಳಿಸುವ ಸಂಕೇತ ರೋಗದ ಲಿವರ್‌ನದು. ಮೊದಲ 48 ಗಂಟೆಯೊಳಗೆ ಮುಗಿಯುವ ಪ್ರಯೋಗವಾದರೆ ಮಾಡಿ. ಆಚೆಗೆ ಬೇಕಿದ್ದರೆ ಕೆಲವು ಕಿಲೋಪಾಸ್ಕಲ್ ಮೃದುತನದ ಜೆಲ್ ಮೇಲೆ ಬೆಳೆಸಿ.

ನನಗೆ ಹೆಚ್ಚು ನಂಬಿಕೆ ಇರುವುದು ಲಿವರ್ ಸ್ಲೈಸ್ ಮೇಲೆ. ಸುಮಾರು 250 ಮೈಕ್ರಾನ್ ದಪ್ಪ, ವೈಬ್ರಟೋಮ್‌ನಲ್ಲಿ ತಣ್ಣನೆಯ ಬಫರ್‌ನಲ್ಲಿ ಕತ್ತರಿಸಿ, ಆಮ್ಲಜನಕ ಹೆಚ್ಚಿಸಿದ ಮೀಡಿಯಂನಲ್ಲಿ ಅಲುಗಾಡಿಸುತ್ತ ಇಡುವುದು. ದಪ್ಪ ಹೆಚ್ಚಾದರೆ ನಡುವಿನ ಕೋಶಗಳಿಗೆ ಉಸಿರು ತಲುಪದೆ ಸಾಯುತ್ತವೆ. ಇಲ್ಲಿ ನೆರೆಹೊರೆ ಹಾಗೇ ಉಳಿದಿರುವುದರಿಂದ ಒಂದೊಂದೇ ಸಂಕೇತ ಮುಚ್ಚಿ ನೋಡಬಹುದು: ನಾಚ್‌ಗೆ ಡಿಎಪಿಟಿ, ಎಎಲ್‌ಕೆ1 ಕಡೆಗೆ ಎಲ್‌ಡಿಎನ್-193189. ಎಸ್‌ಬಿ431542 ಟಿಜಿಎಫ್-ಬೀಟಾವನ್ನು ತಡೆಯುತ್ತದೆ, ಎಎಲ್‌ಕೆ1 ಅನ್ನು ತಡೆಯುವುದಿಲ್ಲ. ಎರಡನ್ನೂ ಬೇರೆ ಬೇರೆ ವೆಲ್‌ನಲ್ಲಿ ಇಟ್ಟರೆ ಯಾವ ಜೀನ್ ಯಾರ ಕೈಯಲ್ಲಿದೆ ಎಂದು ತಿಳಿಯುತ್ತದೆ.

ಕೊಬ್ಬಿನ ಲಿವರ್ ವಿಷಯಕ್ಕೆ ಬರೋಣ. ಹುಟ್ಟು ಮತ್ತು ಗುರುತು ಎರಡು ಬೇರೆ ಪ್ರಶ್ನೆಗಳು, ಬೇರೆ ಬೇರೆಯಾಗಿ ಉತ್ತರಿಸಿ. ಟಿಮ್4 ಇಲ್ಲ, ಕ್ಲೆಕ್4ಎಫ್ ಇದೆ ಎಂದರೆ ಇತ್ತೀಚೆಗೆ ಮೊನೊಸೈಟ್‌ನಿಂದ ಬಂದು ಕುಪ್ಫರ್ ಗುರುತು ಪಡೆಯುತ್ತಿರುವ ಕೋಶ ಇರಬಹುದು. ಅದನ್ನು ಮೊನೊಸೈಟ್ ಮೂಲದ ಕುಪ್ಫರ್ ಕೋಶ ಎಂದು ಧಾರಾಳವಾಗಿ ಕರೆಯಿರಿ. ಎರಡೂ ಇಲ್ಲದೆ ಟ್ರೆಮ್2, ಸಿಡಿ9, ಆಸ್ಟಿಯೊಪಾಂಟಿನ್ ತೋರಿಸುವುದಾದರೆ ಅದು ಕೊಬ್ಬು ಮತ್ತು ಗಾಯದ ಜಾಗಕ್ಕೆ ಹೊಂದಿಕೊಂಡ ಬೇರೆಯೇ ಮ್ಯಾಕ್ರೋಫೇಜ್. ರೋಗದ ಲಿವರ್‌ನಲ್ಲಿ ಹಳೆಯ ಕುಪ್ಫರ್ ಕೋಶಗಳು ಸಾಯುತ್ತವೆ, ಜಾಗ ತೆರವಾಗುತ್ತದೆ, ಆದರೆ ಆ ಜಾಗದ ಸಂಕೇತಗಳೇ ಬದಲಾಗಿರುತ್ತವೆ. ಎಲ್‌ಎಕ್ಸ್‌ಆರ್ ಡಿಎನ್‌ಎ ಮೇಲೆ ಕೂರುವ ತಾಣಗಳೂ ಬದಲಾಗುತ್ತವೆ ಎಂದು 2020ರಲ್ಲಿ ತೋರಿಸಿದ್ದಾರೆ. ಹೊಸಬರು ಹಳೆಯ ಗುರುತನ್ನು ಪೂರ್ತಿ ಪಡೆಯದಿರುವುದು ಅದಕ್ಕೇ.

ಟಿಮ್4 ಒಂದನ್ನೇ ಹುಟ್ಟಿನ ಸಾಕ್ಷಿಯಾಗಿ ಬರೆಯಬೇಡಿ. ಮೊನೊಸೈಟ್ ಮೂಲದವೂ ಕಾಲಕ್ರಮೇಣ ಅದನ್ನು ಪಡೆಯುತ್ತವೆ. ಹುಟ್ಟಿಗೆ ಎಂಎಸ್4ಎ3-ಕ್ರೆಯಂಥ, ಮೊನೊಸೈಟ್ ವಂಶಕ್ಕೆ ಶಾಶ್ವತ ಗುರುತು ಹಚ್ಚಿದ ಮೌಸ್ ಬೇಕು. ಅದಿಲ್ಲದಿದ್ದರೆ ಬೋನ್ ಮ್ಯಾರೋ ಕೈಮೆರಾ (ಬೇರೆ ಮೌಸ್‌ನ ಮೂಳೆಮಜ್ಜೆ ಹಾಕಿದ ಮೌಸ್) ಮಾಡಿ, ಆದರೆ ರೇಡಿಯೇಷನ್ ಕೊಡುವಾಗ ಲಿವರ್ ಭಾಗವನ್ನು ಸೀಸದಿಂದ ಮುಚ್ಚಿ. ಮುಚ್ಚದಿದ್ದರೆ ರೇಡಿಯೇಷನ್ನೇ ಕುಪ್ಫರ್ ಕೋಶಗಳನ್ನು ತೆಗೆದು ಜಾಗ ಖಾಲಿ ಮಾಡುತ್ತದೆ, ನೀವು ಕೇಳುತ್ತಿರುವ ಪ್ರಶ್ನೆಯ ಉತ್ತರವನ್ನೇ ಕೆಡಿಸುತ್ತದೆ.

ಕ್ಲಿನಿಕ್_ಕಡೆಯಿಂದ

ಮನುಷ್ಯರ ಅಂಗಾಂಶಕ್ಕೆ ಹೋಗುವವರಿಗೆ ಸ್ವಲ್ಪ. ಕ್ಲೆಕ್4ಎಫ್ ಮನುಷ್ಯರ ಕುಪ್ಫರ್ ಕೋಶಕ್ಕೆ ಗುರುತಾಗಿ ಬರುವುದಿಲ್ಲ, ಆ ಆಂಟಿಬಾಡಿಗೆ ಹಣ ಹಾಕಬೇಡಿ. ಮಾರ್ಕೊ, ವಿಸಿಗ್4, ಸಿಡಿ163, ಟಿಮ್4, ಸಿಡಿ5ಎಲ್ ಒಟ್ಟಿಗೆ ನೋಡಿ; ಸಿಡಿ68 ಎಲ್ಲ ಮ್ಯಾಕ್ರೋಫೇಜ್‌ಗೂ ಇದೆ. ಬಿಎಂಪಿ9/10 ಮತ್ತು ಎಎಲ್‌ಕೆ1 ಸಂಬಂಧ ಮೌಸ್‌ನಿಂದ ಮನುಷ್ಯರವರೆಗೆ ಉಳಿದುಬಂದಿದೆ ಎಂಬುದು 2022ರ ಹೋಲಿಕೆಗಳ ಸಾರ, ಹಾಗಾಗಿ ಬಿಎಂಪಿ9 ಆರ್ಡರ್ ಹಾಕಿದ್ದು ವ್ಯರ್ಥವಾಗದು.

ಗೆಡ್ಡೆ ತೆಗೆದ ತುಂಡಿನ ಅಂಚಿನ ಅಂಗಾಂಶ ಸಿಗುವುದೇ ಹೆಚ್ಚು. ಗೆಡ್ಡೆಯಿಂದ ಕನಿಷ್ಠ 2 ಸೆಂ.ಮೀ. ದೂರದ್ದನ್ನು ಕೇಳಿ, ಪೆಥಾಲಜಿ ಕಡೆಯಿಂದ ಕೊಬ್ಬು ಮತ್ತು ಫೈಬ್ರೋಸಿಸ್ ಅಂಕ ಬರೆಸಿಕೊಳ್ಳಿ. ಆಸ್ಪತ್ರೆಯ ಓಟಿಯಿಂದ ಬಳ್ಳಾರಿ ರಸ್ತೆಯ ಕ್ಯಾಂಪಸ್‌ಗಳಿಗೆ ಬರುವ ಹೊತ್ತನ್ನು ಹೆಬ್ಬಾಳದ ಟ್ರಾಫಿಕ್ ನಿರ್ಧರಿಸುತ್ತದೆ, ಆದ್ದರಿಂದ ರಕ್ತ ಹರಿವು ನಿಂತ ಸಮಯ, ತಣ್ಣನೆಯ ಯುಡಬ್ಲ್ಯು (ಅಂಗ ಕಾಪಾಡುವ) ದ್ರಾವಣಕ್ಕೆ ಹಾಕಿದ ಸಮಯ, ಜೀರ್ಣ ಶುರುವಾದ ಸಮಯ, ಮೂರನ್ನೂ ಪ್ರತಿ ಮಾದರಿಗೂ ದಾಖಲಿಸಿ. ಇವುಗಳ ನಡುವಿನ ಅಂತರವೇ ಎಷ್ಟೋ ಸಲ ರೋಗಿಯಿಂದ ರೋಗಿಗೆ ಕಾಣುವ ವ್ಯತ್ಯಾಸವಾಗಿರುತ್ತದೆ. ಓಟಿಯಲ್ಲೇ ಒಂದು ಸಣ್ಣ ಚೂರನ್ನು ದ್ರವ ನೈಟ್ರೋಜನ್‌ಗೆ ಹಾಕಿಸಿ, ಅದರಿಂದ ನ್ಯೂಕ್ಲಿಯಸ್ ಸೀಕ್ವೆನ್ಸಿಂಗ್ ಮಾಡಿದರೆ ಜೀರ್ಣದ ಗದ್ದಲವಿಲ್ಲದ ಹೋಲಿಕೆ ಸಿಗುತ್ತದೆ. ಸಂಸ್ಥೆಯ ಎಥಿಕ್ಸ್ ಕಮಿಟಿ ಅನುಮತಿ ಎರಡೂ ಕಡೆ ಬೇಕು, ಆಸ್ಪತ್ರೆಯದೂ ಲ್ಯಾಬ್‌ನದೂ; ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಒಪ್ಪಿಗೆ ಪತ್ರದಲ್ಲಿ ಉಳಿಕೆ ಅಂಗಾಂಶದ ಮುಂದಿನ ಬಳಕೆಯನ್ನು ಸ್ಪಷ್ಟವಾಗಿ ಬರೆಸಿ.

ಎನ್‌ಕೆ ಕೋಶ ನೋಡುವವರಿಗೂ ಇದೇ ಎಚ್ಚರಿಕೆ. ಮೌಸ್ ಲಿವರ್‌ನ ಸಿಡಿ49ಎ ಇರುವ ಐಎಲ್‌ಸಿ1ಗಳಲ್ಲಿ (ಎನ್‌ಕೆಗೆ ಹತ್ತಿರದ ಕೋಶಗಳು) ಇಯೋಮ್ಸ್ ಎಂಬ ಜೀನ್ ನಿಯಂತ್ರಕ ಇರುವುದಿಲ್ಲ, ಮನುಷ್ಯರ ಲಿವರ್‌ನಲ್ಲಿ ನೆಲೆಸಿದ ಸಿಎಕ್ಸ್‌ಸಿಆರ್6 ಎನ್‌ಕೆ ಕೋಶಗಳಲ್ಲಿ ಇಯೋಮ್ಸ್ ಹೆಚ್ಚು. ಮೌಸ್ ಪ್ಯಾನೆಲ್ಲನ್ನು ಹಾಗೇ ಎತ್ತಿಕೊಂಡು ಬಂದರೆ ಗೇಟ್ ತಲೆಕೆಳಗಾಗುತ್ತದೆ.

ಜಾಲಹಳ್ಳಿ_ಪಿಎಚ್‌ಡಿ

ಹಾಗಾದರೆ ಮೊದಲ ಆರ್ಡರ್‌ನಲ್ಲಿ ಬಿಎಂಪಿ9, ಜಿಡಬ್ಲ್ಯು3965, ಡಿಎಪಿಟಿ. ಡಿಎಲ್‌ಎಲ್4ಗೆ ಓಪಿ9 ಹಾಸು ಕೇಳಿ ನೋಡುವುದು. ಸರಿಯೇ?

ಸೈನುಸಾಯ್ಡ್‌ವಾಸಿ

ಸರಿ. ಜೊತೆಗೆ ಡಿಎಲ್‌ಎಲ್4 ಇಲ್ಲದ ಮಾಮೂಲಿ ಓಪಿ9 ಕೋಶಗಳನ್ನೂ ಕೇಳಿ ತನ್ನಿ, ಕಂಟ್ರೋಲ್‌ಗೆ ಅವೇ ಬೇಕು. ಎರಡಕ್ಕೂ ಮೈಕೊಪ್ಲಾಸ್ಮಾ (ಕಲ್ಚರ್ ಕೆಡಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿದ ಮೇಲಷ್ಟೇ ನಿಮ್ಮ ಇನ್‌ಕ್ಯುಬೇಟರ್‌ಗೆ ಹಾಕಿ. ಮೈಕೊಪ್ಲಾಸ್ಮಾದ ಲೈಪೊಪ್ರೋಟೀನ್ ಟಿಎಲ್‌ಆರ್2 ಗ್ರಾಹಕದ ಮೂಲಕ ಟಿಎನ್‌ಎಫ್ ಏರಿಸುತ್ತದೆ, ಆಗ ಎಂಡೋಟಾಕ್ಸಿನ್ ತೆಗೆದರೂ ನಿಮ್ಮ 24 ಗಂಟೆಯ ಚಿತ್ರ ಹಾಗೇ ಕಾಣುತ್ತದೆ.